ತಿರುಗಿಸಿ ಹಿಡಿದ ಲೆನ್ಸು

ಲೆನ್ಸನ್ನು ಬಿಚ್ಚಿ, ಹಿಂದುಮುಂದು ಮಾಡಿ
ಕ್ಯಾಮೆರಾದ ಬಾಯಿಗೆ ಕೈಯಲ್ಲೇ ಒತ್ತಿ ಹಿಡಿಯಬೇಕು.
ದೂರದ್ದೆಲ್ಲ ಕುರುಡಾಗುತ್ತದೆ ಆಗ.
ಮೂರು ಬೆರಳಿನಷ್ಟು ಹತ್ತಿರದ್ದು ಮಾತ್ರ ಕಾಣುತ್ತದೆ,
ಅದೂ ಕೂದಲೆಳೆಯ ದಪ್ಪದಲ್ಲಿ.
ಇದನ್ನು ಅಪ್ಪ ಕಲಿಸಲಿಲ್ಲ.
ಅಪ್ಪ ಕಲಿಸಿದ್ದು:
ಗದ್ದ ಸ್ವಲ್ಪ ಮೇಲೆ, ಕಿವಿ ಎರಡೂ ಕಾಣಲಿ,
ನಗಬೇಡಿ, ಆಯ್ತು.

ಹತ್ತೊಂಬತ್ತು ವರ್ಷ ಶಿಡ್ಲಘಟ್ಟದ ಮುಖಗಳನ್ನು
ನೀಲಿ ಪರದೆಯ ಮುಂದೆ ಕೂರಿಸಿದ್ದೇನೆ.
ಎಂಟು ಪ್ರತಿಗೆ ಅರವತ್ತು ರೂಪಾಯಿ.
ಹೂವಿಗೆ ಏನೂ ಹೇಳಲಾಗುವುದಿಲ್ಲ.

ಯುಗಾದಿಗೆ ನಾಲ್ಕು ದಿನ.
ಹಿತ್ತಲ ಬೇವು ಮೈತುಂಬ ಬಿಟ್ಟಿದೆ.
ತೊಟ್ಟಿಯ ನೀರಿನ ಮೇಲೆ, ಒಣಹಾಕಿದ ಲಂಗದ ಮೇಲೆ,
ಮಲಗಿದ ಬೆಕ್ಕಿನ ಬೆನ್ನ ಮೇಲೂ ಉದುರಿದೆ.
ವರ್ಷವರ್ಷವೂ ಕಿತ್ತು, ಬೆಲ್ಲದಲ್ಲಿ ಕಲಸಿ,
ಮುಖ ಕಿವುಚಿ ನುಂಗಿದ್ದೇ ಹೊರತು
ಅದಕ್ಕೂ ಒಂದು ಮುಖ ಇದ್ದೀತೆಂದು ಹೊಳೆದಿರಲಿಲ್ಲ.
ಐದು ದಳ, ಹಿಂದಕ್ಕೆ ಬಾಚಿದ ಹಾಗೆ.
ನಡುವೆ ಒಂದು ಬಿಳಿ ಕೊಳವೆ,
ಅದರ ತುಟಿಗೆ ಹಳದಿ ಅಂಟಿದೆ,
ತೊವ್ವೆ ಉಂಡು ಬಾಯೊರಸದೆ ಎದ್ದ ಮಗು.
ಅಲ್ಲೊಂದು ಇರುವೆ. ಈ ಲೆನ್ಸಿನಲ್ಲಿ ಅದು ಎಮ್ಮೆ.

ಏಳೂವರೆಗೆ ಬೆಳಕು
ಎದುರಿನ ರೀಲಿಂಗ್ ಶೆಡ್ಡಿನ ತಗಡು ದಾಟುತ್ತದೆ.
ಎಂಟಕ್ಕೆ ಗಾಳಿ ಏಳುತ್ತದೆ.
ನಡುವಿನದ್ದು ನನ್ನದು.
ಉಸಿರು ಹಿಡಿದೆ. ಹೂವು ಹಿಡಿಯಲಿಲ್ಲ.
ಎದೆ ಹೊಡೆದುಕೊಳ್ಳುವುದೂ ಬೆರಳಿಗಿಳಿದು
ಚಿತ್ರದಲ್ಲಿ ಬರೀ ಹಾಲು ಚೆಲ್ಲಿದೆ.
ನಲವತ್ತೊಂದು ಸಲ ಒತ್ತಿದೆ. ನಲವತ್ತೊಂದೂ ಹಾಲು.

“ಏನೇ ಸುಗುಣಾ, ಮರಕ್ಕೆ ಆಧಾರ್ ಕಾರ್ಡು ಮಾಡಿಸ್ತಿದೀಯಾ?”
ಗೋಡೆಯಾಚೆ ಖಮರಕ್ಕ,
ನುಗ್ಗೆಸೊಪ್ಪಿಗೆ ಬಂದವಳು.
ಗೇಟು ತಳ್ಳಿ ಒಳಬಂದಳು, ಚಪ್ಪಲಿ ಬಿಟ್ಟು.
ಹಿತ್ತಲಿಗೆ ಯಾರಾದರೂ ಚಪ್ಪಲಿ ಬಿಡುತ್ತಾರೆಯೇ?
ನೆಲದ ತುಂಬ ಹೂವಿತ್ತು, ಅದಕ್ಕಿರಬೇಕು.
ರೆಂಬೆಯನ್ನು ಎರಡು ಬೆರಳಲ್ಲಿ ಹಿಡಿದು
“ಹೊಡಿ ಈಗ” ಅಂದಳು.

ಗೊಂಚಲು ನಿಂತಿತು.
ಮೂವತ್ತು ವರ್ಷ ಕುದಿನೀರಲ್ಲಿ ಆಡಿ
ಗೂಡಿನ ಎಳೆಯ ತುದಿ ಹುಡುಕಿದ ಕೈ.
ಕಣ್ಣಿಗೆ ಕಾಣದ್ದನ್ನು ಹೇಗೆ ಹಿಡಿಯಬೇಕೆಂದು ಅದಕ್ಕೆ ಗೊತ್ತು.

ಮಧ್ಯಾಹ್ನ ಗಿರಾಕಿ ಇಲ್ಲದಾಗ
ಸ್ಟುಡಿಯೋದ ಕಂಪ್ಯೂಟರಿನಲ್ಲಿ ತೆರೆದೆ.
ಹೂವು ತಪ್ಪಿದೆ. ಹಿಂದೆಲ್ಲೋ ಬೆಳ್ಳಗೆ ಮಸುಕು.
ಫೋಕಸ್ಸು ಕೂತದ್ದು ಹೆಬ್ಬೆಟ್ಟಿನ ಮೇಲೆ.
ಉಗುರಂಚಿಗೆ ಹಬ್ಬದ ಗೋರಂಟಿ ಇನ್ನೂ ಚೂರು ಕೆಂಪು.
ತುದಿ ಮಾತ್ರ ಸವೆದ ಸೋಪಿನ ಬಿಲ್ಲೆ.
ತಿಂಗಳು ತಿಂಗಳೂ ರೇಷನ್ ಅಂಗಡಿಯ ಯಂತ್ರ
“ಮತ್ತೊಮ್ಮೆ ಪ್ರಯತ್ನಿಸಿ” ಅನ್ನುವುದು ಇದಕ್ಕೇ.
ದೊಡ್ಡದು ಮಾಡಿದೆ.
ಇನ್ನೂ ದೊಡ್ಡದು.
ಚರ್ಮ ಉಗುರಿನ ಕಡೆ ತಿರುಗುವಲ್ಲಿ
ನಾಲ್ಕು ಗೆರೆ ಉಳಿದಿದ್ದವು,
ಬದುವಿನ ಪಕ್ಕ ನೇಗಿಲು ತಾಗದ ಹುಲ್ಲಿನ ಹಾಗೆ.
ಒಂದರ ಮೇಲೆ ಪರಾಗದ ಹಳದಿ ಕಣ.

ಹೂವನ್ನು ನಾಳೆ ತೆಗೆದರಾಯಿತು.
ಇದನ್ನು ಪ್ರಿಂಟು ಹಾಕಿದೆ,
ಪಾಸ್‌ಪೋರ್ಟ್ ಅಳತೆ, ಎಂಟು ಪ್ರತಿ.
ಬೆಳಿಗ್ಗೆ ಮರೆತುಹೋಗಿದ್ದ ನುಗ್ಗೆಸೊಪ್ಪಿನ ಜೊತೆ
ಸಂಜೆ ಗೋಡೆಯ ಮೇಲಿಂದ ಕೊಟ್ಟೆ.
ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.
“ಹೂವೆಲ್ಲಿ?” ಅಂದಳು.