ಬಿಳಿ ಗೆರೆ

ಶುಕ್ರವಾರ ಸಂಜೆ ಆರಕ್ಕೆ ಬರುತ್ತದೆ ಕರಡಿ
ಫ್ಲೀಟ್ ಬೀದಿಯ ನಮ್ಮ ಮೂರನೇ ಮಹಡಿಗೆ,
ಬಾಕ್ಸ್‌ವುಡ್ ಹಲಗೆಯ ಮೇಲೆ, ಪೆನ್ಸಿಲಿನಲ್ಲಿ.
ಹುಡುಗ ಬೆನ್ನಿನ ತಿರುಪು ಬಿಚ್ಚುತ್ತಾನೆ.
ಒಂದು ಹಲಗೆ, ಒಂಬತ್ತು ತುಂಡು, ಒಂಬತ್ತು ಜನ,
ಬೆಳಗಾಗುವುದರೊಳಗೆ ಕೆತ್ತಿ ಮುಗಿಯಬೇಕು.

ಝಾರ್ ದೊರೆಯ ಕಿರೀಟ ಯಜಮಾನ ಪ್ರಾಥರೋ ಅವರಿಗೆ.
ಅದರ ಕೆಳಗಿನ ಕರಡಿಮುಖವೂ ಅವರಿಗೇ.
ಸಿಂಹದ ಮೂಗಿನ ಮೇಲೆ ನಮ್ಮ ಮಂತ್ರಿಗಳ ಕನ್ನಡಕ:
ಅದು ಲೂಕಸ್ ಪೆನ್‌ಗೆಲ್ಲಿಗೆ,
ಗಾಜಿನ ಹೊಳಪು ತೆಗೆಯಲು ಅವನೇ ಆಗಬೇಕು.
ಟರ್ಕಿಯವರಿಗೆ ಟರ್ಕಿ ಕೋಳಿ,
ಚಿತ್ರಕಾರನಿಗೆ ತಲೆ ಕೆರೆದುಕೊಳ್ಳುವ ಕಷ್ಟವೂ ಇಲ್ಲ.
ನನಗೆ, ವಾರಕ್ಕೆ ಹದಿನಾಲ್ಕು ಶಿಲ್ಲಿಂಗಿನ ಟ್ರೈಫೀನಾ ಗೌಜ್‌ಗೆ,
ಕರಡಿಯ ಮುಂಗಾಲು. ಯಾವಾಗಲೂ ಮುಂಗಾಲು.
ಸಿಂಹಪಾಲು ಎಂದರೆ ಏನೆಂದು ಆ ಮೇಜಿನಲ್ಲೇ ಕಲಿತೆ.

ನೀರು ತುಂಬಿದ ಗಾಜಿನ ಬುಂಡೆಯಿಂದ
ದೀಪ ಒಂದು ಕಾಸಿನಗಲ ಬೆಳಕು ಚೆಲ್ಲುತ್ತದೆ.
ಆ ಕಾಸಿನೊಳಗೆ ಎಡವೆಂದರೆ ಬಲ,
ಕೆತ್ತಿ ತೆಗೆದದ್ದು ಬಿಳಿ, ಮುಟ್ಟದೆ ಬಿಟ್ಟದ್ದು ಕಪ್ಪು.
ನಾನು ಕರಡಿಯನ್ನು ಮಾಡಿದವಳೇ ಅಲ್ಲ, ನೋಡಿ.
ಅದರ ಉಗುರುಗಳ ನಡುವಿನ ಹಿಮವನ್ನು ಮಾಡಿದೆ.
ಇಡೀ ಚಳಿಗಾಲ ಹಿಮ ಕೆತ್ತಿದೆ,
ಪುಡಿ ಮಡಿಲಿಗೆ ಬೀಳುತ್ತಿತ್ತು, ಹಳದಿ, ಬೆಚ್ಚಗೆ.

ಈ ಮರ ಬರುವುದೂ ಕಪ್ಪು ಸಮುದ್ರದ ದಂಡೆಯಿಂದಲೇ,
ಕರಡಿಯ ನೆರೆಮನೆಯಿಂದ.
"ಯುದ್ಧ ನಿಲ್ಲದಿದ್ದರೆ," ಎನ್ನುತ್ತಿದ್ದರು ಪ್ರಾಥರೋ,
"ಯುದ್ಧದ ಚಿತ್ರಕ್ಕೆ ಮರ ಸಿಗುವುದಿಲ್ಲ."
ಹೇಳಿ ತಾವೇ ನಕ್ಕರು. ನಾವೂ ನಕ್ಕೆವು, ಸಂಬಳದ ದಿನ.

ಜನವರಿಯಲ್ಲಿ ತಮ್ಮನ ಕಾಗದ ಬಂತು:
"ಅಕ್ಕಾ, ಇಲ್ಲಿ ಇದುವರೆಗೆ ಒಂದೂ ಕರಡಿ ಕಾಣಲಿಲ್ಲ.
ನಿನ್ನೆ ಆಚೆ ಕಂದಕದವನೊಬ್ಬ
ಕಾಲುಚೀಲ ಒಣಗಲು ಹಾಕಿದ್ದ, ಬಂದೂಕಿನ ತುದಿಗೆ.
ನಮ್ಮವರು ಯಾರೂ ಗುಂಡು ಹಾರಿಸಲಿಲ್ಲ, ಸಂಜೆಯವರೆಗೆ.
ಬೂಟು ಕಳಿಸು. ಸಿಂಹಕ್ಕೆ ನನ್ನ ನಮಸ್ಕಾರ ತಿಳಿಸು."

ಬೂಟು ಕಳಿಸಿದೆ. ಅದು ಯಾರ ಕಾಲಿಗೆ ಸೇರಿತೋ.

ಮತ್ತೆ ಒಂದು ದಿನ, ಎಲ್ಲರೂ ತಲೆ ತಗ್ಗಿಸಿ ಕೂತಿರುವಾಗ,
ಪೂಜೆಯ ನಡುವೆ ಕರಡಿ ನುಗ್ಗಿದ ಹಾಗೆ
ಬಾಗಿಲಲ್ಲಿ ಜೇಬೆಜ್. ಮುಖತುಂಬ ಗಡ್ಡ,
ಯಾರದೋ ಕುರಿತುಪ್ಪಳದ ಕೋಟು,
ಬಲಗೈಯಲ್ಲಿ ಎರಡೇ ಬೆರಳು.
ಉಳಿದವನ್ನು ಹಿಮ ತಿಂದಿತ್ತು. ಗುಂಡಲ್ಲ, ಹಿಮ.

ಹಳೆಯ ಸಂಚಿಕೆಗಳನ್ನು ಮುಂದಿಟ್ಟೆ.
ಆ ಎರಡು ಬೆರಳಲ್ಲೇ ಒಂದೊಂದೂ ತಿರುವಿದ.
ಕ್ಲಬ್ಬಿನ ದೊಡ್ಡವರೆಲ್ಲ ಹೊಟ್ಟೆ ಹಿಡಿದು ನಕ್ಕ ಪುಟಗಳು.
ಸಿಂಹ ಎಲ್ಲಿಯೂ ಕೆಮ್ಮಿರಲಿಲ್ಲ. ಕರಡಿಗೆ ಹಸಿವಿರಲಿಲ್ಲ.
ನನ್ನ ಮುಂಗಾಲಿನ ಮೇಲೆ ನಿಂತ, ಉಗುರು ಎಣಿಸಿದ:
"ಐದೂ ಇವೆಯಲ್ಲ."

ಆಮೇಲೆ ಬೆರಳಿಟ್ಟದ್ದು
ತುಂಡಿಗೆ ತುಂಡು ಸರಿಯಾಗಿ ಕೂರದೆ
ಕರಡಿಯ ಎದೆಯಿಂದ ಸಿಂಹದ ಬಾಲದವರೆಗೆ
ಹಾದುಹೋದ ಒಂದು ಬಿಳಿ ಗೆರೆಯ ಮೇಲೆ.
ನಮ್ಮ ಅಂಗಡಿಗೇ ಅವಮಾನ ಅದು. ಹುಡುಗನಿಗೆ ಏಟು ಬಿದ್ದಿತ್ತು.
"ನಾನು ಇದ್ದದ್ದು ಇಲ್ಲಿ," ಅಂದ.

ಮುಂದಿನ ವಸಂತದಲ್ಲಿ ಸಂಧಿಯಾಯಿತು.
ಶುಕ್ರವಾರ ಆರಕ್ಕೆ ಮತ್ತೆ ಬಂತು ಕರಡಿ,
ಸಿಂಹದ ಕೈ ಕುಲುಕುತ್ತ. ನನ್ನ ತುಂಡಿನಲ್ಲಿ ಮುಂಗಾಲು,
ಅದಕ್ಕೀಗ ನುಣುಪಾದ ಕೈಗವಸು.
ಒಳಗೆ ಎಷ್ಟು ಬೆರಳೆಂದು ಯಾರೂ ಕೇಳುವ ಹಾಗಿಲ್ಲ.
ಕೆತ್ತಿದೆ. ಹೊಲಿಗೆಯನ್ನೂ ಬಿಡದೆ ಕೆತ್ತಿದೆ.

ನಸುಕಿನಲ್ಲಿ ತುಂಡು ಜೋಡಿಸುತ್ತ
ಹುಡುಗ ತೂಕಡಿಸಿದ, ತಿರುಪು ಒಂದು ಕೂದಲೆಳೆ ಸಡಿಲವಾಗಿ ಉಳಿಯಿತು.
ನೋಡಿದೆ.
ದೀಪ ಆರಿಸಿ, ಮಡಿಲ ಪುಡಿ ಕೊಡವಿ, ಎದ್ದೆ.