ನೀರು ಇಳಿಯುವ ಕಡೆ

ಉಲ್ದೆರೀಕೊ, ಮೊದಲು ಬೂಟು ಬಿಚ್ಚಿ ಒಲೆಯ ಹತ್ತಿರ ಇಡಿ.
ಸೂಪು ಬಿಸಿಯಿದೆ. ನಿಮ್ಮ ಮೂರು ಕಾಲಿನ ಯಂತ್ರ
ಹೊರಗೇ ಇರಲಿ, ಅದಕ್ಕೇನು ಚಳಿಯೇ?
ಹೇಳಿ, ಈ ಸಲ ಎಷ್ಟು ಸರಿದಿದೆ ಗಡಿ?
ಹೋದ ಬೇಸಿಗೆಯಲ್ಲಿ ನನ್ನ ಅಡುಗೆಮನೆಯೊಳಕ್ಕೇ ಬಂದಿತ್ತು.
ಒಂದು ದೇಶದಲ್ಲಿ ಹಿಟ್ಟು ನಾದಿ
ಇನ್ನೊಂದರಲ್ಲಿ ರೊಟ್ಟಿ ಸುಟ್ಟೆ.
ಉಪ್ಪು ಮಾತ್ರ ಎರಡು ಕಡೆಯೂ ಕಮ್ಮಿಯಾಯಿತು.

ನಿಯಮ ಸರಳ ಎಂದಿರಿ ಅವತ್ತು:
ಅತ್ತ ಬಿದ್ದ ಹನಿ ಕಪ್ಪು ಸಮುದ್ರಕ್ಕೆ,
ಇತ್ತ ಬಿದ್ದದ್ದು ಆಡ್ರಿಯಾಟಿಕ್‌ಗೆ,
ನೀರು ನೀರಿನಿಂದ ಅಗಲುವ ಏಣೇ ದೇಶದ ಅಂಚು.
ಯುದ್ಧ ಮುಗಿದ ಮೇಲೆ, ಗೆದ್ದವರ ಮೇಜಿನಲ್ಲಿ,
ಈ ಬೆಟ್ಟ ಹತ್ತದ ಯಾರೋ ಪೆನ್ಸಿಲಿನಲ್ಲಿ ಎಳೆದದ್ದು.
ಪಾಪ, ಬೆಟ್ಟವೆಂದರೆ ನಿಂತದ್ದು ಎಂದುಕೊಂಡಿದ್ದರು.
ಅದರ ನೆತ್ತಿಯ ಹಿಮ
ಬರಿಯ ನೀರಿನ ಸಾಲ ಎಂದು ಯಾರೂ ಹೇಳಿರಲಿಲ್ಲ.

ನನ್ನಜ್ಜಿ ನೋಟ್‌ಬುರ್ಗಾ ಹುಟ್ಟಿದ್ದು ಚಕ್ರವರ್ತಿಯ ಆಳ್ವಿಕೆಯಲ್ಲಿ,
ಶಾಲೆಗೆ ಸೇರಿದ್ದು ಬೇರೊಬ್ಬ ರಾಜನ ಆಳ್ವಿಕೆಯಲ್ಲಿ.
ನಡುವೆ ಅವಳು ನಡೆದದ್ದು
ಮನೆಯಿಂದ ಕೊಟ್ಟಿಗೆಯವರೆಗೆ.
ಹೊಸ ಮೇಷ್ಟರು ಹಾಲಿಗೆ ಹೊಸ ಹೆಸರು ಕಲಿಸಿದರು;
ಹಳೆಯ ಹಾಲು ನಾಲಗೆಗೆ ಬಂದಾಗೆಲ್ಲ
ಬೆರಳ ಗೆಣ್ಣಿಗೊಂದು ಏಟು.
ಹಸುವಿನ ಕಿವಿಯಲ್ಲಿ ಮಾತ್ರ ಹಳೆಯದನ್ನೇ ಆಡುತ್ತಿದ್ದಳು, ಪಿಸುಮಾತಲ್ಲಿ.
ಹಸುವೇನೂ ಯಾರಿಗೂ ಹೇಳಲಿಲ್ಲ.

ಇನ್ನೊಂದಿದೆ, ಕೇಳಿ.
ಹಳೆಯ ಗಡಿಯ ಕಡೆ, ಆಚೆಯ ಹಿಮನದಿಯ ಬಾಯಲ್ಲಿ
ನನ್ನ ತಮ್ಮನ ನಾಯಿ ಒಂದು ಬೂಟು ಕಚ್ಚಿ ತಂದಿತು.
ಬೂಟಿನ ಹಿಂದೆ ಒಬ್ಬ ಹುಡುಗ, ನೂರು ವರ್ಷದಿಂದ ಹತ್ತೊಂಬತ್ತು.
ಕಾಲು ಬೆಚ್ಚಗಿರಲೆಂದು ಬೂಟಿಗೆ ಹುಲ್ಲು ತುರುಕಿದ್ದ,
ಹುಲ್ಲು ಇನ್ನೂ ಹುಲ್ಲಿನ ಬಣ್ಣದಲ್ಲೇ ಇತ್ತು.
ಕಿಸೆಯ ಡಬ್ಬಿಯಲ್ಲಿ ಊರಿನ ಹೆಸರು: ಎಲ್ಲೋ ಗಲೀಸಿಯಾದ ಬಯಲು,
ಗುಡ್ಡವೆಂದರೆ ಹುಲ್ಲಿನ ಬಣವೆ ಎನ್ನುವ ಸೀಮೆ.
ಅವನ ದೇಶಕ್ಕೆ ತಿಳಿಸೋಣವೆಂದರೆ
ಅವನು ಸತ್ತ ಎರಡು ವರ್ಷಕ್ಕೆ ಅದೂ ಸತ್ತಿತ್ತು;
ಅದರ ಹೆಣ ಯಾವ ಹಿಮದಲ್ಲೂ ಸಿಕ್ಕಿಲ್ಲ.
ಅವನು ಕಾಯುತ್ತಿದ್ದ ಗೆರೆಯ ಮೇಲೆ ಈಗ
ಸ್ಕೀ ಆಡುವವರ ತಂತಿತೊಟ್ಟಿಲು.
ಟಿಕೆಟ್ ಇದ್ದರೆ ಸಾಕು, ಯಾರು ಬೇಕಾದರೂ ದಾಟಬಹುದು.

ಕಲ್ಲು ಓದುವ ಹೆಂಗಸೊಬ್ಬಳು ಬಂದು ತಂಗಿದ್ದಳು ಒಮ್ಮೆ.
ಇಲ್ಲಿ ಸಮುದ್ರವಿತ್ತು ಎಂದಳು.
ತೆಂಕಣದಿಂದ ಆಫ್ರಿಕಾ ತಳ್ಳುತ್ತ ಬಂತಂತೆ,
ನಡುವಿನ ಕಡಲತಳ ಹಾಸಿಗೆಯ ದುಪ್ಪಟಿಯಂತೆ
ಮುದುರಿ ಮುದುರಿ ಮೇಲೆದ್ದಿತಂತೆ.
ಇನ್ನೂ ತಳ್ಳುತ್ತಿದೆ, ಉಗುರು ಬೆಳೆಯುವುದಕ್ಕಿಂತ ನಿಧಾನ.
ಹೋಗುವಾಗ ಒಂದು ಕಪ್ಪೆಚಿಪ್ಪಿನ ಕಲ್ಲು ಕೊಟ್ಟಳು,
ಅಗೋ, ಬಾಗಿಲು ಬಡಿಯದಂತೆ ಇಟ್ಟಿದ್ದೇನೆ.

ಅದೇ ಬಾಗಿಲನ್ನು ನವೆಂಬರಿನಲ್ಲಿ ತಟ್ಟಿದ ತೆಸ್ಫಾಲೆಮ್.
ಎರಿಟ್ರಿಯಾದವನು. ಕ್ಯಾನ್ವಾಸ್ ಶೂಗಳು.
ಮರಳು ದಾಟಿ, ಕಡಲು ದಾಟಿ, ಕೊನೆಗೆ ಈ ಹಿಮ.
ಕಾಗದ ಎಲ್ಲಿ ಎಂದು ನಾನು ಕೇಳಲಿಲ್ಲ.
ಒಂದಿಡೀ ಖಂಡ ನುಗ್ಗಿ ಬಂದಾಗ
ಕೇಳಿದವರಿದ್ದರೆ ನನಗೆ ಈ ಬೆಟ್ಟವೆಲ್ಲಿ,
ನಿಮಗೆ ಈ ಕೆಲಸವೆಲ್ಲಿ?
ಅವನ ಹೆಬ್ಬೆರಳು ನೇರಳೆಯಾಗಿತ್ತು.
ಅಟ್ಟದಿಂದ ಒಣಹುಲ್ಲು ತಂದು ಶೂಗಳಿಗೆ ತುಂಬಿದೆ.
ತುಂಬುವಾಗ ಕೈ ನಡುಗಿತು,
ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.
ಬೆಳಗಿನ ಜಾವ ಎದ್ದು ಹೋಗಿದ್ದ.
ಹೆಜ್ಜೆಗಳು ಏಣಿನವರೆಗೆ ಕಂಡವು, ಆಮೇಲೆ ಗಾಳಿ.

ಇನ್ನೊಂದು ಸೌಟು ಹಾಕಲೇ?
ನಾಳೆ ಬೇಗ ಏಳಬೇಡಿ. ಕುರಿಗಳು ಬರುವ ದಿನ.
ಎರಡು ಸಾವಿರ ಕುರಿ, ಇತ್ತಣಿಂದ ಅತ್ತ,
ಅಲ್ಲಿನ ಹುಲ್ಲು ನಮ್ಮ ಕಣಿವೆಯ ಹಕ್ಕು;
ಬರೆದಿಟ್ಟ ಚರ್ಮದ ಹಾಳೆಗೆ
ನಿಮ್ಮೆರಡೂ ದೇಶಗಳಿಗಿಂತ ಹೆಚ್ಚು ವಯಸ್ಸು.
ಮುಂದಾಳು ಕುರಿಗೆ ಒಂದು ಕಣ್ಣಿಲ್ಲ.
ನಿಮ್ಮ ಯಂತ್ರ ದಾರಿಗಡ್ಡ ನಿಂತರೆ
ಬೀಳಿಸಿಕೊಂಡೇ ಹೋಗುತ್ತದೆ, ಒಳಗೆ ತನ್ನಿ.

ನಿಮ್ಮ ಬೂಟು ಇನ್ನೂ ಒದ್ದೆ.
ಆ ಮೂಲೆಯಲ್ಲಿ ಹುಲ್ಲಿದೆ, ತಗೊಳ್ಳಿ.