ಸಣ್ಣ ಅಕ್ಷರ ಬರೂದಿಲ್ರಿ

ರಾತ್ರಿ ಎರಡು ಹೊಡದು ಹೋಗೇದ. ಉಣಕಲ್ಲಿನ ನನ್ನ ಖೋಲಿಯೊಳಗ
ಕುಂತು ಬ್ಯಾಡಗಿ ಬಾಗಲಾ ಬಡೀಲಿಕ್ಕತ್ತೇನಿ.
ಬಾಗಲಾ ಅಂದ್ರ ಕಟಗಿ ಅಲ್ಲ, ಒಂದು ನಂಬರು, ಇಪ್ಪತ್ತೆರಡು.
ಅದರಾಚೆ ಮಾರ್ಕೆಟ್ ಯಾರ್ಡಿನ ಹಿಂದಿನ ಖೋಲಿ, ಅಲ್ಲೊಂದು ಕರೀ ಪೆಟಗಿ,
ಪೆಟಗಿಯೊಳಗ ನಾಳಿನ ಟೆಂಡರು:
ಡಬ್ಬಿ ಎಷ್ಟು ಚೀಲ, ಕಡ್ಡಿ ಎಷ್ಟು ಚೀಲ,
ಯಾರ ಅಂಗಡಿ ಮುಂದ ಯಾವ ರಾಶಿ.

ಹೆಸರು ಕೇಳಲಿಲ್ಲ, ಅದಕ್ಕ ಗೊತ್ತದ.
‘ಗುಟ್ಟು?’ ಅಂತು. ಹೇಳಿದೆ. ‘ಅಲ್ಲ’ ಅಂತು.
ಮತ್ತ ಹೇಳಿದೆ, ಒಂದೊಂದ ಬೆರಳು ಇಟ್ಟು, ಉಸರು ಹಿಡದು.
‘ಅಲ್ಲ.’
ಐದು ಸಲ ಆದಮ್ಯಾಲ ‘ಅಲ್ಲ’ ಅನ್ನೂದೂ ನಿಂತು ಹೋತು.

‘ಒಲ್ಲೆ, ಹೋಗು’ ಅಂದ್ರ ತಡಕೋಬಹುದು,
ಅನ್ನವರೊಬ್ರು ಅಲ್ಲಿ ಇದ್ದಾರ ಅಂತರ ತಿಳೀತದ.
ಇದು ಹಂಗಲ್ಲ. ಕರ್ಸರು ಮಿಣಕ್ ಮಿಣಕ್,
ಎರಡ ನಿಮಿಷಾದ ಮ್ಯಾಲ ‘ವ್ಯಾಳ್ಯಾ ಮುಗೀತು.’

ಜೀವ ಅದನೋ ಇಲ್ಲೋ ನೋಡೂಣು, ಪಿಂಗ್ ಮಾಡೂಣು ಅಂತ ಹೊಡದ್ರ
ಪರದಿ ಮ್ಯಾಲ ಕನ್ನಡ ಮೂಡ್ತು.
ಸಂಜಿಗೆ ದಲಾಲರಿಗೆ ನೋಟಿಸು ಬರದಿದ್ದೆ, ಹಂಗ ಬಿಟ್ಟೇನಿ.
ಐದೂ ಸಲ ಕಾಣದ ಅಕ್ಷರದಾಗ
ಕನ್ನಡದಾಗ ಹೇಳೇನಿ ಗುಟ್ಟು!

ತಿದ್ದಿಕೊಂಡು ಪಿಂಗ್ ಮಾಡಿದ್ರ
‘ಇದ್ದೀನಿ, ಇದ್ದೀನಿ, ಇದ್ದೀನಿ’,
ಉಣ್ಣಾಕ ಕರದ್ರ ಬರದ, ಒಳಗ ಕೆಮ್ಮೋ ಸೋದರಮಾವನ ಗತೆ.
ಬಾಗಲಾ ಮಾತ್ರ ತಗೀವಲ್ದು.
ತಗಿಯಾಂಗಿಲ್ಲ.
ಐದು ತಪ್ಪಾದ್ರ ಆರು ತಾಸು ಬಿಡಬ್ಯಾಡ, ಯಾರರ ಇರಲಿ, ಅಂತ
ಹ್ವಾದ ದೀಪಾವಳಿಗೆ ಆ ಕಾವಲು ಕೂಡಿಸಿದಾಕಿ ನಾನ.

ದಾವಲಸಾಬ ನದಾಫಗ ಫೋನ್ ಹಚ್ಚಿದೆ. ಯಾರ್ಡಿನ ಗೇಟಿಗೆ ಹದಿನೆಂಟು ವರ್ಷ.
‘ಅಕ್ಕಾರ, ಇಂಗ್ಲೀಷು ದೊಡ್ಡ ಅಕ್ಷರ ಅಷ್ಟ ಬರ್ತಾವ್ರಿ,
ಲಾರಿ ನಂಬರು ಬರದೂ ಬರದೂ.
ಸಣ್ಣ ಅಕ್ಷರ ಬರೂದಿಲ್ರಿ.’
ಕೀಬೋರ್ಡಿನ ಮ್ಯಾಲ ಇರೂದು ದೊಡ್ಡವ. ಸಾಕು.

ಕೀಲಿ ತಗದ ಸಪ್ಪಳಾ. ಒಂದು ಸೀನು. ಇನ್ನೊಂದು.
‘ಘಾಟು ಇನ್ನೂ ಇಳದಿಲ್ರಿ ಇಲ್ಲೆ.’
‘ಗುಟ್ಟು ಹೇಳ್ತೀನಿ, ಹೊಡೀರಿ. ಜಿ.’
‘ಜಿ.’ ‘ಐ.’ ‘ಐ.’ ‘ಆರ್.’
ಬಿಗಿ ಪಾಸ್‌ವರ್ಡ್ ಇಡ್ರಿ ಅಂತ ಊರಿಗೆಲ್ಲಾ ಭಾಷಣಾ ಮಾಡಾಕಿ
ಬಿಚ್ಚಿ ತೋರಸೂದು ಇಂಥಾದು.
‘ಎಂ, ಐ, ಟಿ... ಗಿರಮಿಟ್ಟೇನ್ರಿ ಅಕ್ಕಾರ?’
ನಕ್ಕ. ನಾನೂ ನಕ್ಕೆ.
‘ಏನೂ ಮೂಡವಲ್ದಲ್ರಿ.’
‘ಮೂಡೂದಿಲ್ಲ. ನಂಬಿ ಹೊಡೀರಿ.’

ಆಮ್ಯಾಲ ಒಂದು ಸಾಲು ಹೇಳಿದೆ, ಒಂದೊಂದ ಅಕ್ಷರ.
‘ಇಲ್ಲೆ ಜಾಗಾ ಬಿಡ್ರಿ’ ಅಂದ್ರ
ಎದ್ದು ಸರದು ನಿಂತಾನಂತ.
‘ನೀವಲ್ಲ, ಉದ್ದನ್ನ ಬಟನ್ ಒತ್ರಿ.’
‘ಒತ್ತಿದೆ. ಸಣ್ಣ ಅಕ್ಷರ ಬಂದಾವ್ರಿ.
ಪಿ ಅದ. ಆಮ್ಯಾಲ ಒಂದು ಹೊಟ್ಟಿ ಉಬ್ಬಿದ್ದು. ಒಂದು ಎಸ್ಸು,
ಅದರ ಬಾಜೂಕ ಇನ್ನೊಂದು ಎಸ್ಸು...’
‘ಸಾಕು, ಸಾಕು. ಮತ್ತ ಗಿರಮಿಟ್ಟ ಹೊಡೀರಿ.’

ಗಪ್ಪು. ದೂರದಾಗ ಎಲ್ಲೋ ಲಾರಿ ಹಿಂದ ಸರಿಯೂ ದನಿ.
‘ಬರೇ ಒಂದು ಬಂತ್ರಿ.’
‘ಏನ ಒಂದು?’
‘ಒಂದು ಅಂಕಿ, ಒಂದು. ಮತ್ತೇನಿಲ್ಲ.’

ಒಂದು ಅಂದ್ರ, ಒಬ್ಬಾಕಿನ್ನ ಬಿಟ್ಟೆ ಅಂತ.

ಮೂಲ್ಯಾಗಿನ ಭಾಷಾ ಎರಡು ಸಲ ನೋಡಿ ಬಾಗಲಾ ಬಡದೆ.
ತಗೀತು. ಮೊದಲ ಸಾಲಿನಾಗ ಅದು ಯಾವಾಗ್ಲೂ ಹೇಳೂ ಮಾತು:
‘ಹೋದ ಸಲ ನೀವು ಬಂದದ್ದು ಇವತ್ತ, ಎರಡು ಮೂವತ್ತೆಂಟಕ್ಕ,
ಇದ ಖೋಲಿಯಿಂದ.’

ಅದರ ಲೆಕ್ಕದಾಗ
ನಾ ಅಲ್ಲೇ ನಿಂತಿದ್ದೆ, ಆ ಘಾಟಿನೊಳಗ, ಒಂದ ಬೆರಳಲೆ ಬಡಕೋಂತ.
ಪಾಸ್‌ವರ್ಡ್ ಬದಲಿ ಮಾಡಿದೆ.
ಆ ಸಾಲು ಮುಟ್ಟಲಿಲ್ಲ.
ಫೋನಿನ್ಯಾಗ ದಾವಲಸಾಬ ಮೂರನೇದು ಸೀನಿದ,
ನನ್ನ ಮೂಗೂ ಯಾಕೋ ಚುರುಚುರು ಅಂತು.